4294967297: ಪೈಥಾನ್‌ನಲ್ಲಿ 1, ಸಿ ಭಾಷೆಯಲ್ಲಿ 0. ಯಾವುದನ್ನು ನಂಬಬೇಕು?

ಬೆಸಸಂಖ್ಯೆ:
4294967297, ಅಂದರೆ 2³² + 1, ಅವಿಭಾಜ್ಯವೇ ಎಂದು ನೋಡಲು ಫರ್ಮಾ ಪರೀಕ್ಷೆ ಬರೆದಿದ್ದೇನೆ. 2ನ್ನು 2³²ನೇ ಘಾತಕ್ಕೇರಿಸಿ, ಇದೇ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುವುದು. ಅವಿಭಾಜ್ಯವಾಗಿದ್ದರೆ 1 ಬರಲೇಬೇಕು. ಪೈಥಾನ್ 1 ಕೊಡುತ್ತದೆ. ಸಿ ಭಾಷೆಯಲ್ಲಿ, ಚಿಹ್ನೆಯಿಲ್ಲದ 64 ಬಿಟ್ ಪೂರ್ಣಾಂಕದಲ್ಲಿ, 0. ಯಾವುದು ಸರಿ?

ಶೇಷಪ್ಪ:
ಪೈಥಾನ್‌ನ ಲೆಕ್ಕ ಸರಿ, ಆದರೆ ಅದನ್ನು ನೋಡಿ ಅವಿಭಾಜ್ಯ ಅಂದುಕೊಂಡರೆ ತಪ್ಪು. ಸಿ ಲೆಕ್ಕವೇ ತಪ್ಪು. ‘ಅವಿಭಾಜ್ಯ ಅಲ್ಲ’ ಎಂಬ ತೀರ್ಮಾನ ಮಾತ್ರ ಅದೃಷ್ಟಕ್ಕೆ ಸರಿ!

0 ಬಂದದ್ದು ಹೀಗೆ: 2ನ್ನು ಐದು ಸಲ ವರ್ಗ ಮಾಡಿದರೆ 2³². ಆರನೇ ಸಲಕ್ಕೆ 2⁶⁴. 64 ಬಿಟ್‌ನಲ್ಲಿ ಹಿಡಿಸುವುದು 2⁶⁴ − 1ರವರೆಗೆ. ಒಂದೇ ಒಂದು ಹೆಚ್ಚಾಗಿ ಗುಣಲಬ್ಧ ಸೊನ್ನೆಗೆ ಸುತ್ತಿಕೊಂಡಿತು, ಆಮೇಲೆ ಎಲ್ಲವೂ ಸೊನ್ನೆಯೇ. ಗುಣಾಕಾರವನ್ನು 128 ಬಿಟ್‌ನಲ್ಲಿ ಮಾಡಿ, ಆಮೇಲೆ ಶೇಷ ತೆಗೆಯಿರಿ. ಅಂದಹಾಗೆ, 2ರ ಯಾವ ಘಾತವೂ 1ಕ್ಕಿಂತ ದೊಡ್ಡ ಬೆಸಸಂಖ್ಯೆಯಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. 0 ಕಂಡಾಗಲೇ ಕೋಡ್ ಮೇಲೆ ಅನುಮಾನ ಬರಬೇಕಿತ್ತು.

ಇನ್ನು 1. ಇಲ್ಲಿ 2³²ರ ಶೇಷ −1 (ನಿಮ್ಮ ಸಂಖ್ಯೆಗೆ ಒಂದೇ ಕಡಿಮೆ), ಹಾಗಾಗಿ 2⁶⁴ರ ಶೇಷ 1. ನಿಮ್ಮ ಘಾತ 2³² ಎಂಬುದು 64ರ ಅಪವರ್ತ್ಯ; 1 ಬರದೆ ಬೇರೆ ದಾರಿಯಿಲ್ಲ. ಫರ್ಮಾ ಸಂಖ್ಯೆಗಳೆಲ್ಲ (2¹ + 1, 2² + 1, 2⁴ + 1, 2⁸ + 1 ಹೀಗೆ ಘಾತ ಇಮ್ಮಡಿಯಾಗುತ್ತ ಹೋಗುವಂಥವು; ನಿಮ್ಮದೂ ಅದೇ) 2ರ ಆಧಾರದಲ್ಲಿ, ಅಂದರೆ 2ನ್ನೇ ಘಾತಕ್ಕೇರಿಸಿದರೆ, ಹೀಗೇ ಪಾಸಾಗುತ್ತವೆ. ಇದಕ್ಕಿಂತ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆಗೂ ಆಧಾರವಾಗಿ 2 ಒಂದನ್ನೇ ಕೊಟ್ಟರೆ ಅದೂ ಮೋಸಹೋಗುತ್ತದೆ. ಆಧಾರ 3 ಇಟ್ಟು ನೋಡಿ: ಶೇಷ 3029026160. ಅಲ್ಲಿಗೆ ಭಾಜ್ಯ ಎಂದು ಖಚಿತ.

ಗುಣಾಕಾರ:
ಅಪವರ್ತನ ಹುಡುಕಲು ಕಂಪ್ಯೂಟರೇ ಬೇಡ. ಇದರ ಅವಿಭಾಜ್ಯ ಭಾಜಕಗಳೆಲ್ಲ 128ರಿಂದ ಭಾಗಿಸಿದಾಗ 1 ಉಳಿಯುವಂಥವು. 129, 257, 385, 513, 641: ಇವುಗಳಲ್ಲಿ ಅವಿಭಾಜ್ಯ 257 ಮತ್ತು 641 ಮಾತ್ರ. 257 ತಾನೇ ಇನ್ನೊಂದು ಫರ್ಮಾ ಸಂಖ್ಯೆ. ಎರಡು ಬೇರೆ ಬೇರೆ ಫರ್ಮಾ ಸಂಖ್ಯೆಗಳಿಗೆ 1ನ್ನು ಬಿಟ್ಟು ಸಾಮಾನ್ಯ ಭಾಜಕ ಇರದ ಕಾರಣ ಅದನ್ನು ಬಿಡಿ. ಮೊದಲ ಭಾಗಾಕಾರಕ್ಕೇ 641 ಸಿಗುತ್ತದೆ: 641 × 6700417. ಗಣಿತಜ್ಞ ಆಯ್ಲರ್ ಇದನ್ನು ಕಂಡದ್ದು 1732ರಲ್ಲಿ. ಅವರು ಆಮೇಲೆ ಸಾಧಿಸಿದ್ದು 64ರ ನಿಯಮ (64ರಿಂದ ಭಾಗಿಸಿದಾಗ 1 ಉಳಿಯಬೇಕು); ಅದರಿಂದ ಹುಡುಕಿದರೆ 193, 449, 577ನ್ನೂ ದಾಟಿ ಬರಬೇಕು.

6700417 ಅವಿಭಾಜ್ಯವೇ? ವರ್ಗಮೂಲ ಸುಮಾರು 2588. ಅಷ್ಟರೊಳಗೆ ಅದೇ 128ರ ನಿಯಮದಂತೆ ಪರೀಕ್ಷಿಸಬೇಕಾದವು 641, 769, 1153, 1409. ಶೇಷಗಳು ಕ್ರಮವಾಗಿ 44, 120, 334, 622. ಹೌದು, ಅವಿಭಾಜ್ಯ.

ಬೆಸಸಂಖ್ಯೆ:
128 ಬಿಟ್ ಹಾಕಿದ ಮೇಲೆ ಸಿ ಕೂಡ 1 ಕೊಡುತ್ತಿದೆ. ಹಾಗಾದರೆ ಈ ಸಂಖ್ಯೆಯನ್ನು ಯಾವ್ಯಾವ ಗುಂಪಿಗೆ ಸೇರಿಸಬಹುದು?

ಶೇಷಪ್ಪ:
ಎರಡೇ ಅವಿಭಾಜ್ಯಗಳ ಗುಣಲಬ್ಧ, ವರ್ಗಮುಕ್ತ (1ಕ್ಕಿಂತ ದೊಡ್ಡ ಯಾವ ವರ್ಗವೂ ಇದರ ಭಾಜಕವಲ್ಲ), 2ರ ಆಧಾರದಲ್ಲಿ ಹುಸಿ ಅವಿಭಾಜ್ಯ (ಭಾಜ್ಯವಾಗಿದ್ದೂ ಫರ್ಮಾ ಪರೀಕ್ಷೆಯಲ್ಲಿ ಪಾಸಾಗುವಂಥದ್ದು). ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 6701059 ಮಾತ್ರ, ಸಂಖ್ಯೆಗಿಂತ ಕಡಿಮೆ; ಆದ್ದರಿಂದ ನ್ಯೂನ ಸಂಖ್ಯೆ. ಆಯ್ಲರ್ ಫಲನದ (ಇದರೊಂದಿಗೆ 1ನ್ನು ಬಿಟ್ಟು ಸಾಮಾನ್ಯ ಭಾಜಕವಿಲ್ಲದ, ಇದಕ್ಕಿಂತ ಚಿಕ್ಕ ಧನ ಪೂರ್ಣಾಂಕಗಳ ಎಣಿಕೆಯ) ಬೆಲೆ 640 × 6700416 = 4288266240.

ಗುಣಾಕಾರ:
ಒಂದು ಬಿಟ್ಟುಹೋಯಿತು. ಇದನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದು: 65536² + 1² ಮತ್ತು 62264² + 20449². ಅವಿಭಾಜ್ಯಕ್ಕೆ ಎರಡನೇ ಬಗೆ ಇರುವುದಿಲ್ಲ; ಹಾಗಾಗಿ ಭಾಜ್ಯ ಎನ್ನಲು ಇದೂ ಸಾಕು. 20449 ಬೇರೆ 143ರ ವರ್ಗ!