ಬಿಸಿಯಾದ್ರೆ ಕಾರು ಬಂದ್: ಕ್ರ್ಯಾಂಕ್ ಸೆನ್ಸರ್ ಹೋಗಿದೆಯಾ?

ಪ್ರಶ್ನೆ: ವಿಜಯಪುರದಿಂದ ಆಲಮಟ್ಟಿಗೆ ಹೊರಟರೆ ಮನಗೂಳಿ ದಾಟಿದ ಮೇಲೆ ಎಂಜಿನ್ ಗಪ್ ಅಂತ ನಿಲ್ಲುತ್ತದೆ. ಅರ್ಧ ತಾಸು ಬಿಟ್ಟರೆ ಮತ್ತೆ ಸ್ಟಾರ್ಟ್. ಸ್ಕ್ಯಾನರ್‌ನಲ್ಲಿ ಪಿ0335 ಕೋಡ್ ಬಂದಿದೆ. ಎಂಜಿನ್ ತಿರುಗುವುದನ್ನು ಗಾಡಿಯ ಕಂಪ್ಯೂಟರ್‌ಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬದಲಿಸಲೇಬೇಕಾ?

ಬಾಗಲಕೋಟೆ ಗ್ಯಾರೇಜ್: ಅವಸರ ಬೇಡ ರೀ. ಪಿ0335 ಅಂದ್ರೆ ಆ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ತೊಂದರೆ. ವೈರ್ ಕಟ್ಟಾಗಿದ್ದರೂ ಅದೇ ಕೋಡ್ ಬರುತ್ತದೆ. ಗಾಡಿ ನಿಂತ ಕೂಡಲೇ ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿ. ಸೊನ್ನೆಯಲ್ಲೇ ಕೂತಿದ್ದರೆ ಸಿಗ್ನಲ್ ಬರುತ್ತಿಲ್ಲ. ಆಮೇಲೆ ಕನೆಕ್ಟರ್ ಬಿಚ್ಚಿ. ಒಳಗೆ ಆಯಿಲ್, ಹಸಿರು ಕಿಲುಬು ಇದೆಯಾ? ವೈರ್ ಸೈಲೆನ್ಸರ್ ಪೈಪಿಗೆ ತಾಗಿ ಸುಟ್ಟಿದೆಯಾ? ನನ್ನ ಕೈಗೆ ಬಂದ ಗಾಡಿಗಳಲ್ಲಿ ವೈರಿನದೇ ಜಾಸ್ತಿ. ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಮೆತ್ತಿದ್ದರೆ ಒರೆಸಿ.

ಬೆಳಗಾವಿ ಎಲೆಕ್ಟ್ರಿಷಿಯನ್: ಸೆನ್ಸರ್ ಎರಡು ವೈರಿನದಾದರೆ ತಣ್ಣಗಿದ್ದಾಗ, ಬಿಸಿಯಾದಾಗ ಮಲ್ಟಿಮೀಟರ್‌ನಲ್ಲಿ ಓಮ್ಸ್ (ರೆಸಿಸ್ಟೆನ್ಸ್) ಅಳೆಯಿರಿ. ಬಿಸಿಗೆ ರೀಡಿಂಗ್ ಪೂರ್ತಿ ಓಪನ್, ಅಂದ್ರೆ ಒಳಗೆ ತಂತಿ ಕಡಿದಂತೆ, ಬಂದರೆ ಸೆನ್ಸರ್ ಸತ್ತಂತೆ. ಮೂರು ವೈರಿದ್ದರೆ ಸಾಮಾನ್ಯವಾಗಿ ಹಾಲ್ ಸೆನ್ಸರ್ (ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಬಗೆ), ಅದಕ್ಕೆ ಓಮ್ಸ್ ಹಚ್ಚಬೇಡಿ. ಸಪ್ಲೈ, ಅರ್ಥ್, ಸಿಗ್ನಲ್ ನೋಡಿ.

ಪ್ರಶ್ನೆ ಕೇಳಿದವ: ಮೂರು ವೈರು. ಒಂದರ ಮೇಲಿನ ಪ್ಲಾಸ್ಟಿಕ್ ಕರಗಿದೆ!

ಬಾಗಲಕೋಟೆ ಗ್ಯಾರೇಜ್: ಮೊದಲು ಅದನ್ನು ಸರಿ ಮಾಡಿಸಿ, ಪೈಪಿನಿಂದ ದೂರ ಕಟ್ಟಿಸಿ. ಹೊಸ ಸೆನ್ಸರ್ ಆಮೇಲೆ ನೋಡೋಣ.