ತೊಗರಿ ಎಲೆ: ಎಫ್‌ವಿ/ಎಫ್‌ಎಂ 0.47 ದಾಟವಲ್ದು, ಏನ್ ನೋಡ್ಬೇಕು?

ತೊಗರಿಎಲೆ, ಕಲಬುರಗಿ:
ಎಲೆ ಬೆಳಕು ಹೀರಿ ತಿರುಗಿ ಬಿಡೋ ಮಂದ ಕೆಂಪು ಬೆಳಕು, ಅಂದರ ಪ್ರತಿದೀಪ್ತಿ, ಅಳೆಯೋ ಉಪಕರಣ ಮಾಡೀನಿ. ಕುಂಡದಾಗಿನ ತೊಗರಿ, ಎಲೆ ಚೊಲೊ ಹಸಿರದ. 20 ನಿಮಿಷ ಕತ್ತಲಾಗಿಟ್ಟು ಅಳೆದರ ಎಫ್‌ಓ (ಫ್ಲ್ಯಾಶಿಗೂ ಮೊದಲಿನ ಕನಿಷ್ಠ ಪ್ರತಿದೀಪ್ತಿ) 900, ಎಫ್‌ಎಂ (ಜೋರು ಫ್ಲ್ಯಾಶಿನಾಗ ಗರಿಷ್ಠ) 1700 ಮಿಲಿವೋಲ್ಟ್. ಎರಡರ ವ್ಯತ್ಯಾಸ ಎಫ್‌ವಿ, ಅದನ್ನ ಎಫ್‌ಎಂನಿಂದ ಭಾಗಿಸಿದರ 0.47. ಅಳತೆಗೆ 630 ನ್ಯಾನೊಮೀಟರ್ ಕೆಂಪು ಎಲ್‌ಇಡಿ, 1 ಕಿಲೋಹರ್ಟ್ಸ್‌ನಾಗ ಮಿಣುಕ್ತದ. ಫ್ಲ್ಯಾಶಿಗೆ 10 ವ್ಯಾಟ್ ಬಿಳಿ ಎಲ್‌ಇಡಿ, 0.8 ಸೆಕೆಂಡ್. ಬೆಳಕು ಹಿಡಿಯಾಕ ಬಿಪಿಡಬ್ಲ್ಯು34 ಫೋಟೊಡಯೋಡ್, ಅದರ ಮುಂದ ಎರಡು ಪದರ ಕೆಂಪು ಜಿಲೆಟಿನ್ ಹಾಳೆ.

ಬೆಳಕುಗಿಂಡಿ, ಬೀದರ:
ಆರೋಗ್ಯದ ಎಲೆ 0.83ರ ಆಸುಪಾಸು ಬರಬೇಕು. ಜಿಲೆಟಿನ್ ಹಾಳೆ 630ನ್ನ ತಡೆಯಂಗಿಲ್ಲ. ಎಲೆಯಿಂದ ಚದುರಿದ ಎಲ್‌ಇಡಿ ಬೆಳಕೇ ಒಳಗ ಬಂದು ಎಫ್‌ಓ, ಎಫ್‌ಎಂ ಎರಡಕ್ಕೂ ಒಂದೇ ಮೊತ್ತ ಸೇರ್ತದ. ಎಲೆ ಜಾಗದಾಗ ಕೆಂಪನ್ನ ಎಲೆಯಷ್ಟೇ ಕಡಿಮಿ ಚದುರಿಸೋ ಹೊಳಪಿಲ್ಲದ ಕಪ್ಪು ರಟ್ಟು ಇಟ್ಟು ಓದಿ, ಬಂದದ್ದನ್ನ ಎರಡರಿಂದಲೂ ಕಳೀರಿ. ಬಿಳಿ ಕಾಗದ ಬ್ಯಾಡ, ಹೆಚ್ಚು ಕಳೀತದ. ಪಕ್ಕಾ ಪರಿಹಾರ ಅಂದರ 455ರ ನೀಲಿ ಎಲ್‌ಇಡಿ, 695ರಿಂದ ಮೇಲಷ್ಟೇ ಬಿಡೋ ಗಾಜಿನ ಫಿಲ್ಟರ್.

ತೊಗರಿಎಲೆ:
ರಟ್ಟಿಗೆ 500 ಬಂತ್ರಿ. ಕಳೆದರ 400, 1200, ಅಂದರ 0.67. ಫ್ಲ್ಯಾಶ್ ಹೊತ್ತಿನಾಗ ಆಸಿಲೋಸ್ಕೋಪಿನ ಗೆರೆ ಮ್ಯಾಲೆ ಕತ್ತರಿಸಿದಂಗ ಚಪ್ಪಟೆ ಅದ.

ಯಾದಗಿರಿ_ಸರ್ಕಿಟ್:
ಆ ಚಪ್ಪಟೆ ಎಲೆಯದಲ್ಲ, ಆಂಪ್ಲಿಫೈಯರಿನದು. ಬಿಳಿ ಎಲ್‌ಇಡಿಯ ಫಾಸ್ಫರ್ 700ರ ಆಚೆಗೂ ಬೆಳಕು ಕೊಡ್ತದ, ಆ ಸ್ಥಿರ ಕರೆಂಟಿಗೇ ಮೊದಲ ಹಂತ ತುಂಬಿಹೋಗಿ 1 ಕಿಲೋಹರ್ಟ್ಸ್ ಸಿಗ್ನಲ್ ಕುಗ್ಗಿ ಎಫ್‌ಎಂ ಕಡಿಮಿ ಕಾಣ್ತದ. ಫೀಡ್‌ಬ್ಯಾಕ್ ರೆಸಿಸ್ಟರ್ 1 ಮೆಗಾಓಮ್ ಇದ್ರ 100 ಕಿಲೋಓಮ್‌ಗೆ ಇಳಿಸ್ರಿ, ಸ್ಥಿರ ಕರೆಂಟ್ ತಡೆಯೋ ಕಪಾಸಿಟರ್ ದಾಟಿಸಿದ ಮೇಲೆ ಗೇನ್ ಹೆಚ್ಚಿಸ್ರಿ. ಫ್ಲ್ಯಾಶನ್ನೂ ನೀಲಿಗೆ ಬದಲಿಸ್ರಿ. ಕಪಾಸಿಟರಿನಿಂದ ಫ್ಲ್ಯಾಶ್ ಓಡಿಸೋ ವಿಚಾರ ಇದ್ರ ಬಿಡ್ರಿ: 4700 ಮೈಕ್ರೋಫ್ಯಾರಡ್, 1 ಆಂಪಿಯರಿಗೆ 10 ವೋಲ್ಟ್ ಇಳಿಯಾಕ 47 ಮಿಲಿಸೆಕೆಂಡ್ ಸಾಕು. 12 ವೋಲ್ಟ್ ಯುಪಿಎಸ್ ಬ್ಯಾಟರಿ, ಸ್ಥಿರ ಕರೆಂಟ್ ಡ್ರೈವರ್ ಬೇಕು.

ಬೆಳಕುಗಿಂಡಿ:
ಅದಾದ ಮ್ಯಾಲೆ ಫ್ಲ್ಯಾಶ್ ಸಾಕಾಗ್ತದೋ ಇಲ್ಲೋ ನೋಡ್ರಿ. ಫ್ಲ್ಯಾಶಿನ ಕರೆಂಟ್ ಏರಿಸಿದರೂ ಎಫ್‌ಎಂ ಏರದಿದ್ರ ಸರಿ. ಇನ್ನೂ ಖಾತ್ರಿ ಬೇಕಂದ್ರ ಡಯೂರಾನ್ ಕಳೆನಾಶಕ: ಶೇ 80ರ ಪುಡಿ ಲೀಟರಿಗೆ 3 ಮಿಲಿಗ್ರಾಂ, ಸುಮಾರು 10 ಮೈಕ್ರೋಮೋಲಾರ್. ಎಲೆಯ ಬಿಲ್ಲೆ ಕತ್ತಲಾಗ ಒಂದೆರಡು ತಾಸು ತೇಲಿಬಿಡ್ರಿ. ಅದು ಎಲೆಯೊಳಗ ಎಲೆಕ್ಟ್ರಾನ್ ದಾಟಿಸೋ ಕ್ವಿನೋನ್ ಎ ಇಂದ ಕ್ವಿನೋನ್ ಬಿ ಗೆ ಎಲೆಕ್ಟ್ರಾನ್ ಹೋಗೋದು ತಡೀತದ, ಮಂದ ಬೆಳಕಿಗೇ ಪ್ರತಿದೀಪ್ತಿ ಎಫ್‌ಎಂ ಮಟ್ಟಕ್ಕ ಏರ್ತದ. ಅದಕ್ಕಿಂತ ನಿಮ್ಮ ಫ್ಲ್ಯಾಶಿನ ಎಫ್‌ಎಂ ಕೆಳಗಿದ್ರ ಫ್ಲ್ಯಾಶ್ ಸಾಲ್ದು. ಕೈಗವಸು ಹಾಕ್ರಿ, ಉಳಿದ ನೀರು ಹೊಲಕ್ಕ ಚೆಲ್ಲಬ್ಯಾಡ್ರಿ.

ಯಾದಗಿರಿ_ಸರ್ಕಿಟ್:
ಎಫ್‌ಓ ಗೆರೆನೂ ನೋಡ್ರಿ, ಐದು ಸೆಕೆಂಡಿನಾಗ ಏರಿದ್ರ ಅಳತೆಯ ಬೆಳಕೇ ಜೋರು. ಮತ್ತ ಮಧ್ಯಾಹ್ನದ ಬಿಸಿಲಿಗೆ ಬೆಂದ ಎಲೆ 20 ನಿಮಿಷ ಕತ್ತಲಿಗೆ ಸುಧಾರಿಸಂಗಿಲ್ಲ, ಉಪಕರಣ ಹೊಂದಿಸಾಕ ನಸುಕಿನಾಗ ಕಿತ್ತ ಎಲೆ ತಗೋರಿ.