ನವೀಕರಣ ಮುಗಿದ ಮನೆಯಲ್ಲಿ ದೀಪ ಮತ್ತು ಪ್ಲಗ್ ಪಾಯಿಂಟ್‌ಗಳು ತಪ್ಪು ಜಾಗದಲ್ಲಿವೆ: ಗೋಡೆಯನ್ನು ಮತ್ತೆ ಒಡೆಯಬೇಕೇ?

ಪ್ರಶ್ನೆ (ಕುಂಜಿಬೆಟ್ಟು, ಉಡುಪಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು ಮತ್ತು ಮರದ ಮುಚ್ಚಿಗೆ ಇರುವ ಹಳೆಯ ಮನೆ. ಈ ಬೇಸಿಗೆಯಲ್ಲಿ, ಮಳೆ ಹಿಡಿಯುವ ಮೊದಲು ಮುಗಿಯಬೇಕೆಂಬ ಅವಸರದಲ್ಲಿ, ಮಾಡನ್ನು ಹಾಗೆಯೇ ಉಳಿಸಿಕೊಂಡು ಅಡುಗೆಮನೆ, ಎರಡು ಮಲಗುವ ಕೋಣೆಗಳು ಮತ್ತು ಇಡೀ ಮನೆಯ ವೈರಿಂಗನ್ನು ಹೊಸದಾಗಿ ಮಾಡಿಸಿದೆವು. ನಾನು ಆಗ ಊರಿನಲ್ಲಿರಲಿಲ್ಲ. ಯಾವ ಗೋಡೆಗೆ ಕಪಾಟು ಬರುತ್ತದೆ, ಫ್ರಿಜ್ ಎಲ್ಲಿ ನಿಲ್ಲುತ್ತದೆ ಎಂಬುದು ತೀರ್ಮಾನವಾಗುವ ಮೊದಲೇ ಪೈಪುಗಳನ್ನು ಹೂಳಿ ಸಾರಣೆ ಮಾಡಿಬಿಟ್ಟಿದ್ದರು. ಗುತ್ತಿಗೆದಾರರನ್ನು ಮಾತ್ರ ದೂರಿ ಪ್ರಯೋಜನವಿಲ್ಲ, ಕೇಳಬೇಕಾದುದನ್ನು ನಾನೂ ಕೇಳಿರಲಿಲ್ಲ.

ಈಗಿನ ಸ್ಥಿತಿ ಹೀಗಿದೆ. ಅಡುಗೆಮನೆಗೆ ಇರುವುದು ಮುಚ್ಚಿಗೆಯ ನಡುವಿನ ಒಂದೇ ದೀಪ. ಅಮ್ಮ ಕಟ್ಟೆಯ ಮುಂದೆ ನಿಂತರೆ ಅವರ ನೆರಳೇ ಅವರ ಕೈಯ ಮೇಲೆ ಬೀಳುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಅವರು ಅಕ್ಕಿಯ ಕಲ್ಲು ಆರಿಸಲು ಹಗಲಿನಲ್ಲಿಯೂ ಗೆರಸೆ ಹಿಡಿದು ಜಗಲಿಗೆ ಬರುವುದನ್ನು ನೋಡಿದಾಗ ಮನಸ್ಸಿಗೆ ಬಹಳ ನೋವಾಗುತ್ತದೆ. ಮಲಗುವ ಕೋಣೆಯ ದೀಪಗಳು ಫ್ಯಾನಿನ ರೆಕ್ಕೆಗಳ ಮೇಲ್ಭಾಗದಲ್ಲಿರುವುದರಿಂದ ಫ್ಯಾನ್ ತಿರುಗಿದಾಗ ಇಡೀ ಕೋಣೆಯಲ್ಲಿ ನೆರಳು ಓಡಾಡುತ್ತದೆ. ಇನ್ನೊಂದು ಕೋಣೆಯ ಸ್ವಿಚ್ ಬೋರ್ಡು ಕಪಾಟಿನ ಹಿಂದೆ ಸೇರಿಕೊಂಡಿದೆ. ಫ್ರಿಜ್ ನಿಂತ ಜಾಗದಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಚಾವಡಿಯಿಂದ ಎಕ್ಸ್‌ಟೆನ್ಷನ್ ವಯರ್ ಎಳೆದು ಅದರಲ್ಲೇ ಫ್ರಿಜ್, ಗ್ರೈಂಡರ್, ಕೆಲವೊಮ್ಮೆ ಇಂಡಕ್ಷನ್ ಒಲೆಯನ್ನೂ ನಡೆಸುತ್ತಿದ್ದೇವೆ. ಹೊಸ ಬಣ್ಣದ ಗೋಡೆಯನ್ನು ಮತ್ತೆ ಒಡೆಯದೆ ಇವುಗಳನ್ನು ಸರಿಪಡಿಸಲು ಸಾಧ್ಯವೇ? ದಯವಿಟ್ಟು ಅನುಭವವಿರುವವರು ತಿಳಿಸಿ.

ಉತ್ತರ (ಕದ್ರಿ, ಮಂಗಳೂರು)

ಹಳೆಯ ಕೆಂಪುಕಲ್ಲಿನ ಮನೆಗಳಲ್ಲಿ ವೈರಿಂಗ್ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ನೀವು ಕೊನೆಯಲ್ಲಿ ಬರೆದ ಎಕ್ಸ್‌ಟೆನ್ಷನ್ ವಯರಿನ ವಿಷಯವನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ. ಉಳಿದವುಗಳಿಂದ ಕಷ್ಟವಾಗುತ್ತದೆ, ಆದರೆ ಇದರಿಂದ ಬೆಂಕಿ ಹತ್ತಬಹುದು. 2,000 ವ್ಯಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಸಾಮಾನ್ಯ ಎಕ್ಸ್‌ಟೆನ್ಷನ್ ಬೋರ್ಡಿನ ಸಾಕೆಟ್ 6 ಆಂಪಿಯರಿನದು. ಅದರ ತೆಳ್ಳಗಿನ ತಂತಿ ಬಾಗಿಲಿನ ಸಂದಿಯಲ್ಲಿ ಅಥವಾ ಚಾಪೆಯ ಅಡಿಯಲ್ಲಿ ಹಾದುಹೋಗುತ್ತಿದ್ದರೆ ಬಿಸಿಯಾದುದು ಹೊರಗೆ ಗೊತ್ತಾಗುವುದೂ ಇಲ್ಲ. ಇಂದೇ ಇಂಡಕ್ಷನ್ ಒಲೆಯನ್ನು ಅದರಿಂದ ತೆಗೆದುಬಿಡಿ.

ಶಾಶ್ವತ ಪರಿಹಾರವಾಗಿ, ಮನೆಯ ಎಲ್ಲ ಲೈನುಗಳು ಹೊರಡುವ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ಅಡುಗೆಮನೆಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ, ಅರ್ತಿಂಗ್ ಸಹಿತ, ಬೇರೆಯೇ ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನಾಗಿ ವಿದ್ಯುತ್ ಕಡಿಯುವ ಸ್ವಿಚ್) ಇರುವ ಲೈನುಗಳನ್ನು ಎಳೆಸಿ. ಫ್ರಿಜ್ಜಿಗೆ ಒಂದು ಲೈನ್, 16 ಆಂಪಿಯರಿನ ಪವರ್ ಪಾಯಿಂಟಿಗೆ ಇನ್ನೊಂದು ಲೈನ್ ಇದ್ದರೆ ಒಳ್ಳೆಯದು. ಇದಕ್ಕೆ ಗೋಡೆ ಕೊರೆಯಬೇಕಾಗಿಲ್ಲ. ಗೋಡೆಯ ಮೇಲೆಯೇ ತಂತಿ ಹಾಯಿಸುವ, ಮುಚ್ಚಳವಿರುವ ಪಿವಿಸಿ ಕೇಸಿಂಗ್ ಕೇಪಿಂಗ್ ಪಟ್ಟಿಯನ್ನು ಮುಚ್ಚಿಗೆಯ ಅಂಚಿಗೆ ಹೊಂದಿಸಿ ತಂದು, ಗೋಡೆಯ ಮೂಲೆಯಲ್ಲಿ ನೇರವಾಗಿ ಕೆಳಗಿಳಿಸಿದರೆ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ.

ಗೋಡೆ ಕೊರೆಯಲೇಬೇಕೆಂದಿದ್ದರೂ ಈ ಆಟಿಯ ಮಳೆಯಲ್ಲಿ ಬೇಡ. ಕೆಂಪುಕಲ್ಲು ನೀರು ಹೀರುವ ಕಲ್ಲು, ಈಗ ಹಾಕಿದ ಸಾರಣೆ ಬೇಗ ಒಣಗುವುದಿಲ್ಲ, ಒದ್ದೆಯ ಮೇಲೆ ಹೊಡೆದ ಬಣ್ಣ ಗುಳ್ಳೆ ಏಳುತ್ತದೆ. ಕಟರ್ ಎಷ್ಟೇ ನೇರವಾಗಿ ಗೆರೆ ಹಾಕಿದರೂ, ಉಳಿಯಿಂದ ತೆಗೆಯುವಾಗ ಈ ಕಲ್ಲು ಅಗತ್ಯಕ್ಕಿಂತ ದೊಡ್ಡ ಚೂರಾಗಿಯೇ ಎದ್ದು ಬರುತ್ತದೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ, ಅದೂ ಮೇಲಿನಿಂದ ಕೆಳಗೆ ಮಾತ್ರ ಕೊರೆಸಿ. ಮಾಡಿನ ಭಾರ ಹೊತ್ತ ಗೋಡೆಯಲ್ಲಿ ಅಡ್ಡಡ್ಡಲಾಗಿ ಉದ್ದಕ್ಕೆ ಕೊರೆಯಲು ಬಿಡಬೇಡಿ.

ಕೆಲಸ ಯಾರೇ ಮಾಡಲಿ, ಒಂದು ಎಚ್ಚರಿಕೆಯನ್ನು ಅವರಿಗೆ ಹೇಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೇನ್ ಸ್ವಿಚ್ ತೆಗೆದ ಮೇಲೂ ಅದರ ಲೈನಿನಲ್ಲಿ ವಿದ್ಯುತ್ ಇರುತ್ತದೆ. ಇನ್ವರ್ಟರನ್ನೂ ಬಂದ್ ಮಾಡಿ, ಪ್ರತಿ ಬೋರ್ಡಿನಲ್ಲಿಯೂ ಟೆಸ್ಟರ್ ಇಟ್ಟು ನೋಡಿದ ನಂತರವೇ ಕೈ ಹಾಕಬೇಕು. ವಿದ್ಯುತ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಈ ಸಂದರ್ಭದಲ್ಲಿಯೇ ಹಾಕಿಸಿಕೊಳ್ಳಿ, ಗೋಡೆ ತೇವ ಹಿಡಿಯುವ ನಮ್ಮ ಕರಾವಳಿಯಲ್ಲಿ ಅದನ್ನು ಬಿಡುವಂತಿಲ್ಲ.

ಉತ್ತರ (ಬಿಜೈ, ಮಂಗಳೂರು)

ಅಡುಗೆಮನೆಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಮೀನು ಸ್ವಚ್ಛ ಮಾಡುವಾಗ ಮುಳ್ಳು ಕಾಣದೆ ನಾನೂ ಎರಡು ವರ್ಷ ಕಷ್ಟಪಟ್ಟಿದ್ದೇನೆ. ನಡುವಿನ ದೀಪದ ವ್ಯಾಟ್ ಹೆಚ್ಚಿಸಿ ಏನೂ ಉಪಯೋಗವಾಗಲಿಲ್ಲ. ಬೆಳಕು ಬೆನ್ನ ಹಿಂದಿನಿಂದ ಬರುತ್ತಿರುವವರೆಗೆ ನೆರಳು ಇನ್ನಷ್ಟು ಕಪ್ಪಾಗುತ್ತದೆ, ಅಷ್ಟೆ. ಕಟ್ಟೆಯ ಮೇಲಿನ ಗೋಡೆ ಕಪಾಟುಗಳ ಅಡಿಯಲ್ಲಿ, ಗೋಡೆಯ ಕಡೆಗಲ್ಲದೆ ನಾವು ನಿಲ್ಲುವ ಕಡೆಯ ಅಂಚಿನಲ್ಲಿ, ಎಲ್‌ಇಡಿ ಪಟ್ಟಿ ಹಾಕಿಸಿದ ಮೇಲೆ ಸರಿಹೋಯಿತು. ಗ್ರಾನೈಟ್ ಕಟ್ಟೆಯಲ್ಲಿ ಮತ್ತು ಸ್ಟೀಲ್ ಪಾತ್ರೆಗಳಲ್ಲಿ ಎಲ್‌ಇಡಿಯ ಚುಕ್ಕೆಗಳು ಪ್ರತಿಫಲಿಸಿ ಕಣ್ಣಿಗೆ ಚುಚ್ಚುವುದರಿಂದ ಹಾಲಿನ ಬಣ್ಣದ ಮುಚ್ಚಳ ಇರುವುದನ್ನೇ ಕೇಳಿ ತನ್ನಿ. ಪೊಟ್ಟಣದ ಮೇಲೆ 4,000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದಿರುವ ಬೆಳಕು ಹಳದಿಯೂ ಅಲ್ಲ, ನೀಲಿ ಬಿಳುಪೂ ಅಲ್ಲ. ಖರೀದಿಸುವ ಮೊದಲು ನಾಲ್ಕು ದಿನ ಒಂದು ಸಣ್ಣ ಟ್ಯೂಬ್‌ಲೈಟನ್ನು ಅದೇ ಜಾಗಕ್ಕೆ ಕಟ್ಟಿ, ಅಮ್ಮನನ್ನೇ ನಿಲ್ಲಿಸಿ ಕೇಳಿ. ಅಲ್ಲಿ ಕೆಲಸ ಮಾಡುವವರು ಅವರೇ ಆದುದರಿಂದ ಜಾಗವನ್ನು ಅವರೇ ಹೇಳಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಇಂಡಕ್ಷನ್ ಒಲೆಯನ್ನು ಇಂದೇ ಚಾವಡಿಯ ಪವರ್ ಪಾಯಿಂಟಿಗೆ ಬದಲಾಯಿಸಿದೆ. ಫ್ಯಾನಿನ ನೆರಳು ಮತ್ತು ಕಪಾಟಿನ ಹಿಂದಿನ ಬೋರ್ಡಿಗೆ ಏನು ಮಾಡಬಹುದು? ಕಪಾಟನ್ನು ಗೋಡೆಗೇ ಕೂರಿಸಿರುವುದರಿಂದ ಸರಿಸಲು ಬರುವುದಿಲ್ಲ.

ಉತ್ತರ (ಕದ್ರಿ, ಮಂಗಳೂರು)

48 ಇಂಚಿನ ಫ್ಯಾನಿನ ರೆಕ್ಕೆ ನಡುವಿನಿಂದ ಎರಡು ಅಡಿ ಚಾಚಿರುತ್ತದೆ. ಅದರ ನೇರಕ್ಕೆ ಮೇಲೆ ಇರುವ ದೀಪಗಳನ್ನು ರಾತ್ರಿ ಉರಿಸದೆ ಬಿಟ್ಟು, ಉದ್ದದ ಗೋಡೆಯಲ್ಲಿ ರೆಕ್ಕೆಗಳ ಮಟ್ಟಕ್ಕಿಂತ ಕೆಳಗೆ ಟ್ಯೂಬ್‌ಲೈಟಿನಂತೆ ಉದ್ದನೆಯ ಒಂದು ಎಲ್‌ಇಡಿ ಬ್ಯಾಟನ್ ಹಾಕಿದರೆ ನೆರಳು ಓಡಾಡುವುದು ನಿಲ್ಲುತ್ತದೆ.

ಕಪಾಟಿನ ವಿಷಯದಲ್ಲಿ, ಹಿಂಬದಿಯ ಹಲಗೆಯನ್ನು ಬೋರ್ಡಿನ ಅಳತೆಗೆ ಕತ್ತರಿಸಿ, ತೆಗೆದು ಹಾಕುವಂಥ ಮುಚ್ಚಳ ಮಾಡಿಸಿ. ತಂತಿಯ ಜೋಡಣೆ ಇರುವ ಪೆಟ್ಟಿಗೆಯನ್ನು ಎಂದಿಗೂ ಶಾಶ್ವತವಾಗಿ ಮುಚ್ಚಬಾರದು. ಅಲ್ಲಿನ ಸಾಕೆಟ್‌ಗಳನ್ನು ಬಳಸಬೇಡಿ, ಬಟ್ಟೆಯ ನಡುವೆ ಬಿಸಿಯಾಗುವ ವಸ್ತು ಇರುವುದು ಒಳ್ಳೆಯದಲ್ಲ. ಸ್ವಿಚ್‌ಗಳ ಬದಲಿಗೆ ಅದೇ ಪೆಟ್ಟಿಗೆಯೊಳಗೆ ರಿಮೋಟ್ ಸ್ವಿಚ್ಚಿನ ರಿಸೀವರ್ ಕೂರಿಸಿ, ಒತ್ತುವ ಗುಂಡಿಯನ್ನು ಬಾಗಿಲಿನ ಪಕ್ಕ ಅಂಟಿಸಬಹುದು. ರಿಸೀವರಿಗೆ ನ್ಯೂಟ್ರಲ್ ತಂತಿ (ವಿದ್ಯುತ್ ಮರಳಿ ಹೋಗುವ ತಂತಿ) ಬೇಕು, ಬೋರ್ಡಿನಲ್ಲಿ ಸಾಕೆಟ್ ಇರುವುದರಿಂದ ಅದು ಅಲ್ಲಿಗೆ ಬಂದೇ ಇರುತ್ತದೆ. ಆದರೆ ಇನ್ವರ್ಟರಿನ ಫೇಸಿಗೆ (ವಿದ್ಯುತ್ ಬರುವ ತಂತಿಗೆ) ಮೇನ್ ಲೈನಿನ ನ್ಯೂಟ್ರಲ್ ಸೇರಿಸಿಬಿಟ್ಟರೆ ಆರ್‌ಸಿಸಿಬಿ ಪದೇ ಪದೇ ಬಿದ್ದು ವಿದ್ಯುತ್ ಕಡಿದುಹೋಗುತ್ತದೆ, ಅದನ್ನು ನೋಡಿ ಜೋಡಿಸಲು ಹೇಳಿ. ದೀಪಾವಳಿಯ ನಂತರ ಎಲ್ಲಿಯಾದರೂ ಗೋಡೆ ಕೊರೆಸಿದರೆ, ಸಾರಣೆಗೆ ಮೊದಲು ಅಳತೆಪಟ್ಟಿಯನ್ನು ಪೈಪಿನ ಪಕ್ಕದಲ್ಲಿಟ್ಟು ಫೋಟೋ ತೆಗೆದಿಟ್ಟುಕೊಳ್ಳಿ.